ಜೋಡಿ ಕಾಮಾ

ಕನ್ನಡದಲ್ಲಿ ನಾವು ಒಬ್ಬ ಮನುಷ್ಯನ ಪೂರ್ವಾಪರವನ್ನೆಲ್ಲ ಅವನು ಬರುವುದಕ್ಕೆ ಮುಂಚೆಯೇ ಹೇಳಿ ಮುಗಿಸಿರುತ್ತೇವೆ. ‘ಮೊನ್ನೆ ಮದುವೆಮನೆಯಲ್ಲಿ ಎರಡು ಸಲ ಹೋಳಿಗೆ ಹಾಕಿಸಿಕೊಂಡು, ಆಮೇಲೆ ಸಕ್ಕರೆ ಕಾಯಿಲೆಯ ಬಗ್ಗೆ ಭಾಷಣ ಬಿಗಿದ ನಮ್ಮ ದೊಡ್ಡಪ್ಪ’ ಎಂದರೆ, ದೊಡ್ಡಪ್ಪ ಪ್ರವೇಶಿಸುವ ಹೊತ್ತಿಗೆ ಅವರ ಬಗ್ಗೆ ತಿಳಿಯಬೇಕಾದ್ದು ಏನೂ ಉಳಿದಿರುವುದಿಲ್ಲ. ಇಂಗ್ಲಿಷಿನ ಸಂಪ್ರದಾಯ ಬೇರೆ. ಅಲ್ಲಿ ಮೊದಲು ದೊಡ್ಡಪ್ಪ ಬಂದು ನಿಲ್ಲಬೇಕು. ಹೋಳಿಗೆ, ಭಾಷಣ ಎಲ್ಲ ‘ಹೂ’ ಎಂಬ ಪದದ ಬಾಲ ಹಿಡಿದು ಹಿಂದಿನಿಂದ ಬರಬೇಕು. ಹಾಗೆ ಬಂದದ್ದು ಇರಲೇಬೇಕಾದ ಮಾತೋ, ಸುಮ್ಮನೆ ಜೊತೆಗೆ ಬಂದದ್ದೋ ಎಂಬುದನ್ನು ಕಾಮಾಗಳು ತೀರ್ಮಾನಿಸುತ್ತವೆ.

ನನ್ನ ಸೋದರಮಾವ ಬ್ಯಾಂಕಿನಲ್ಲಿದ್ದರು. ಬಳ್ಳಾರಿಯಿಂದ ಹುಬ್ಬಳ್ಳಿಗೆ ವರ್ಗ ಕೇಳಿ ಬರೆದ ಅರ್ಜಿಯಲ್ಲಿ ‘ಮೈ ವೈಫ್ ಹೂ ಲಿವ್ಸ್ ಇನ್ ಹುಬ್ಳಿ ಈಸ್ ನಾಟ್ ಕೀಪಿಂಗ್ ಗುಡ್ ಹೆಲ್ತ್’ ಎಂದಿತ್ತು. ಆ ವೈಫ್, ಅಂದರೆ ನನ್ನ ಅತ್ತೆ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವಾಕೆ. ಕರಡು ಓದಿ ಕನ್ನಡಕ ಕೆಳಗಿಳಿಸಿದರು.

‘ಅಲ್ರೀ, ಬಳ್ಳಾರ್ಯಾಗ ಇನ್ನೊಬ್ಬಾಕಿ ಅದಾಳೇನ್ರಿ?’

‘ಏನಂತೀ?’

‘ನಾ ಏನೂ ಅನ್ನಂಗಿಲ್ಲ. ನಿಮ್ಮ ಅರ್ಜಿ ಅನ್ನಾಕತ್ತೈತಿ.’

ಕಾಮಾ ಇಲ್ಲದಿದ್ದರೆ ‘ಹುಬ್ಬಳ್ಳಿಯಲ್ಲಿರುವ’ ಎಂಬುದು ಗುರುತಿನ ಚೀಟಿ: ಇರುವ ಹಲವರಲ್ಲಿ ಈಕೆ. ಎರಡು ಬದಿಗೂ ಕಾಮಾ ಇಟ್ಟರೆ ಹೆಂಡತಿ ಒಬ್ಬಳೇ, ಊರು ಬರೀ ವಿವರ. ಅದೇ ಮಾತನ್ನು ಕನ್ನಡದಲ್ಲಿ ಬರೆದಿದ್ದರೆ ಯಾವ ಮ್ಯಾನೇಜರೂ ಉಳಿದವರ ಲೆಕ್ಕ ಕೇಳುತ್ತಿರಲಿಲ್ಲ. ನಮ್ಮ ವ್ಯಾಕರಣಕ್ಕೆ ಸಂಸಾರಸ್ಥರ ಮೇಲೆ ನಂಬಿಕೆ ಹೆಚ್ಚು.

ಮಾವ ‘ವೈಫ್’ ಆದಮೇಲೆ ಒಂದು ಕಾಮಾ ಹಾಕಿ ಪೆನ್ನು ಮುಚ್ಚಿದರು. ‘ಇನ್ನೊಂದು?’ ಎಂದರು ಅತ್ತೆ. ‘ಒಂದು ಸಾಲಂಗಿಲ್ಲೇನು?’ ಸಾಲುವುದಿಲ್ಲ. ಬಾಗಿಲು ತೆಗೆದು ಒಳಗೆ ಬಂದವರು ಹಾಕಿಕೊಂಡೂ ಹೋಗಬೇಕು. ಮೊದಲ ಕಾಮಾವನ್ನು ಎಲ್ಲರೂ ಉತ್ಸಾಹದಿಂದ ಹಾಕುತ್ತಾರೆ. ಎರಡನೆಯದರ ಹೊತ್ತಿಗೆ ಉಸಿರು ಕಟ್ಟಿರುತ್ತದೆ. ಅತ್ತೆಯ ಪರೀಕ್ಷೆ ಸರಳ: ಕಾಮಾಗಳ ನಡುವಿನದನ್ನು ಹೆಬ್ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಬೇಕು. ಹೇಳಬೇಕಾದ ಅರ್ಥ ಕೆಡದಿದ್ದರೆ ಪಾಸು. ‘ನಕಲು ಮಾಡುವ ವಿದ್ಯಾರ್ಥಿಗಳನ್ನು ಡಿಬಾರ್ ಮಾಡಲಾಗುವುದು’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು, ‘ಹೂ ಕಾಪಿ’ ಎನ್ನುವುದರ ಅಕ್ಕಪಕ್ಕ ಕಾಮಾ ಇಟ್ಟರೆ ಇಡೀ ಶಾಲೆಯೇ ಡಿಬಾರ್!

ಕಾಮಾ ಒಂದೇ ಅಲ್ಲ, ಕಂಸ ಮತ್ತು ಡ್ಯಾಶುಗಳೂ ಇದೇ ಚಾಕರಿ ಮಾಡುತ್ತವೆ. ಕಂಸದೊಳಗಿನದು ಪಿಸುಮಾತು, ಡ್ಯಾಶು ಮಾತಿನ ನಡುವೆ ಬಾಯಿ ಹಾಕುವ ಜಾತಿ. ನನಗೆ ಕಾಮಾವೇ ಸಭ್ಯವಾಗಿ ಕಾಣುತ್ತದೆ, ಅದು ಕೋರ್ಟು ಮೆಟ್ಟಿಲು ಹತ್ತುವ ತನಕ.

ಹತ್ತಿದ್ದೂ ಉಂಟು. ಮೊದಲ ಮಹಾಯುದ್ಧದಲ್ಲಿ ಐರ್ಲೆಂಡಿನ ರೋಜರ್ ಕೇಸ್‌ಮೆಂಟ್ ಜರ್ಮನಿಗೆ ಹೋಗಿ, ಅಲ್ಲಿ ಸೆರೆಯಲ್ಲಿದ್ದ ಐರಿಷ್ ಸೈನಿಕರನ್ನು ಬ್ರಿಟನ್ನಿನ ಮೇಲೆ ಎತ್ತಿಕಟ್ಟಲು ನೋಡಿದರು. 1916ರಲ್ಲಿ ರಾಜದ್ರೋಹದ ವಿಚಾರಣೆ. ಕಾಯ್ದೆ 1351ರದು, ಭಾಷೆ ನಾರ್ಮನ್ ಫ್ರೆಂಚ್. ರಾಜ್ಯದೊಳಗೆ ಶತ್ರುಗಳ ಪಕ್ಷ ಸೇರುವುದು, ರಾಜ್ಯದೊಳಗೆ ಅವರಿಗೆ ನೆರವಾಗುವುದು, ‘ಅಥವಾ ಬೇರೆಡೆ’ ಎಂಬ ಧಾಟಿಯ ಒಕ್ಕಣೆ. ಕೊನೆಯ ‘ಬೇರೆಡೆ’ ನೆರವಿಗೆ ಮಾತ್ರ ಸೇರಿದ್ದು, ದ್ರೋಹಿಯಾಗಲು ಮನುಷ್ಯ ರಾಜ್ಯದೊಳಗೇ ಇರಬೇಕು ಎಂದು ವಕೀಲರ ವಾದ. ಮೂಲದಲ್ಲಿ ಗುರುತು ಎಲ್ಲೆಲ್ಲಿದೆ ಎಂದು ನೋಡಲು ಇಬ್ಬರು ನ್ಯಾಯಾಧೀಶರು ದಾಖಲೆ ಕಚೇರಿಗೇ ಹೋದರು. ನೆರವಿನ ಮಾತು ನಡುವೆ ಬಂದ ವಿವರಣೆ ಎಂದು ತೀರ್ಮಾನವಾಯಿತು. ಅದನ್ನು ಪಕ್ಕಕ್ಕಿಟ್ಟರೆ ‘ಬೇರೆಡೆ’ ನೇರವಾಗಿ ಜರ್ಮನಿಯಲ್ಲಿದ್ದ ಮನುಷ್ಯನಿಗೇ ಅಂಟಿತು. ಆಗಸ್ಟ್ 3ರಂದು ಗಲ್ಲು. ಕಾಮಾದಿಂದ ನೇಣಾದವನು ಎಂಬ ಮಾತು ಅವರ ಹೆಸರಿನೊಂದಿಗೆ ಉಳಿದುಕೊಂಡಿದೆ.

ಕೆನಡಾದಲ್ಲಿ ಇದೇ ಜಗಳ ಕಂಬ ಹತ್ತಿತು. ರೋಜರ್ಸ್ ಎಂಬ ಕೇಬಲ್ ಕಂಪನಿ 2002ರಲ್ಲಿ ಅಲಿಯಂಟ್ ಎಂಬ ಟೆಲಿಫೋನ್ ಕಂಪನಿಯೊಡನೆ ಕಂಬಗಳಿಗೆ ತಂತಿ ಕಟ್ಟುವ ಕರಾರು ಮಾಡಿಕೊಂಡಿತ್ತು. ಕರಾರು ಐದು ವರ್ಷ ಇರುತ್ತದೆ, ಆಮೇಲೆ ಐದೈದು ವರ್ಷ ಮುಂದುವರಿಯುತ್ತದೆ, ಒಂದು ವರ್ಷ ಮುಂಚೆ ನೋಟಿಸು ಕೊಟ್ಟು ರದ್ದು ಮಾಡದ ಹೊರತು. ಇಂಗ್ಲಿಷಿನಲ್ಲಿ ‘ಆಮೇಲೆ ಐದೈದು ವರ್ಷ’ದ ಎರಡೂ ಬದಿ ಕಾಮಾ ಇತ್ತು. ಅಲಿಯಂಟಿನವರು ಹೆಬ್ಬೆರಳಿಟ್ಟು ಓದಿದರು: ಹಾಗಾದರೆ ಮೊದಲ ಐದು ವರ್ಷದೊಳಗೂ ರದ್ದು ಮಾಡಬಹುದು! ನೋಟಿಸು ಹೋಯಿತು, ಕಂಬದ ಬಾಡಿಗೆ ಏರಿತು. ಮೊದಲ ಐದು ವರ್ಷ ಭದ್ರ ಎಂದು ನಂಬಿದ್ದ ರೋಜರ್ಸಿನವರು ಬೊಬ್ಬೆ ಹೊಡೆದರು. 2006ರಲ್ಲಿ ಅಲ್ಲಿನ ದೂರಸಂಪರ್ಕ ಆಯೋಗ, ಎರಡನೆಯ ಕಾಮಾ ಅಲ್ಲಿರುವುದರಿಂದ ಅಲಿಯಂಟ್ ಹೇಳುವುದೇ ಸರಿ ಎಂದಿತು. ಹತ್ತು ಲಕ್ಷ ಡಾಲರಿನ ಕಾಮಾ ಎಂದು ಪತ್ರಿಕೆಗಳು ಕುಣಿದವು. ವ್ಯಾಕರಣ ಪಂಡಿತರೂ ಬಂದರು. ವಕೀಲರ ಫೀಸಿನಲ್ಲಿ ಎಷ್ಟು ಕಂಬ ನೆಡಬಹುದಿತ್ತೋ!

ಅಷ್ಟರಲ್ಲಿ ಯಾರಿಗೋ ನೆನಪಾಯಿತು: ಕೆನಡಾದಲ್ಲಿ ಇಂಗ್ಲಿಷಿನಷ್ಟೇ ಫ್ರೆಂಚೂ ಅಧಿಕೃತ, ಕರಾರಿನ ಮಾದರಿ ಫ್ರೆಂಚಿನಲ್ಲೂ ಇದೆ. ತೆಗೆದು ನೋಡಿದರೆ ಅಲ್ಲಿ ಗೊಂದಲವೇ ಇಲ್ಲ. ಮೊದಲ ಐದು ವರ್ಷ ಗಟ್ಟಿ. 2007ರಲ್ಲಿ ಆಯೋಗ ತನ್ನ ತೀರ್ಮಾನವನ್ನು ತಿರುವಿಹಾಕಿತು. ಒಂದು ಚುಕ್ಕೆಬಾಲಕ್ಕಾಗಿ ಅಷ್ಟು ಕಾಲ ಕುಸ್ತಿ ಆಡಿದವರಲ್ಲಿ, ಮೊದಲ ದಿನವೇ ಇನ್ನೊಂದು ಭಾಷೆಯ ಪುಟ ಮಗುಚೋಣ ಎಂದವರು ಒಬ್ಬರೂ ಇದ್ದಂತಿಲ್ಲ.