ಶಾಲಾ ಸಂಧಿಪ್ರಕರಣ

ಎರಡು ಶಾಲೆಗಳು ಕಾಲವಿಳಂಬವಿಲ್ಲದೆ ಕೂಡುವುದೇ ಸಂಧಿ. ಇಲಾಖೆ ಇದನ್ನು ವಿಲೀನ ಎನ್ನುತ್ತದೆ. ಸರಕಾರಿ ವ್ಯವಹಾರದಲ್ಲಿ ಕಾಲವಿಳಂಬವಿಲ್ಲದ ಕ್ರಿಯೆ ಅಪರೂಪವಾದ್ದರಿಂದ ಇದಕ್ಕೊಂದು ಶಾಸ್ತ್ರ ಬೇಕೇ ಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯವನೇ ಆದ ಭಟ್ಟಾಕಳಂಕ 1604ರಲ್ಲಿ ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಬರೆದ. ಕನ್ನಡ ಶಾಲೆಯ ಭವಿಷ್ಯವನ್ನು 'ರ್‍ಯಾಶನಲೈಸೇಶನ್', 'ಮ್ಯಾಗ್ನೆಟ್ ಶಾಲೆ' ಎಂದೆಲ್ಲ ಬರೆಯುವವರು ಆ ಪರಂಪರೆಯವರೇ. ಸೂತ್ರ ಮಾತ್ರ ಅವನದರಷ್ಟು ಚಿಕ್ಕದಲ್ಲ.

ಮೊದಲು ಲೋಪ. ಐದು ಮಕ್ಕಳ ಶಾಲೆ ಪಕ್ಕದ ಶಾಲೆಗೆ ತಾಗಿದರೆ ಪೂರ್ವಪದ ಉದುರುತ್ತದೆ. ಗೋಡೆಗೆ ಬರೆಸಿದ ಭಾರತದ ನಕಾಶೆ ಉಳಿಯುತ್ತದೆ, ಎರಡು ಮಳೆಗಾಲದ ತನಕ. ಆಮೇಲೆ ಕರಾವಳಿಯ ಕಡೆಯಿಂದ ಸುಣ್ಣ ಹೊಪ್ಪಳೆ ಏಳುತ್ತದೆ. ಆಗಮಕ್ಕೆ ಉದಾಹರಣೆ ಹೆಚ್ಚುವರಿ ಶಿಕ್ಷಕರು: ಕೌನ್ಸೆಲಿಂಗ್ ಮುಗಿದ ಮರುದಿನ ಯಕಾರ ವಕಾರಗಳಂತೆ ಎಲ್ಲೋ ಎರಡು ಸ್ವರಗಳ ನಡುವೆ ಬಂದು ನಿಲ್ಲುತ್ತಾರೆ. ಆದೇಶಸಂಧಿಯನ್ನು ವಿವರಿಸಬೇಕಿಲ್ಲ, ಅದು ಬೆಂಗಳೂರಿನಿಂದ ಬರುತ್ತದೆ.

ಮಕ್ಕಳೆಲ್ಲಿ ಹೋದರು? ಇಲ್ಲಿ ಎರಡು ಪಂಥ. ಹಳದಿ ವ್ಯಾನು ಒಯ್ದಿತು ಎಂಬುದು ಒಂದು. ಹುಟ್ಟಲೇ ಇಲ್ಲ ಎಂಬುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ನಮೂನೆ ತುಂಬಬೇಕು, ಮೂರು ಪ್ರತಿ.

ಇನ್ನು ಕ್ಷೇತ್ರಗಣಿತ. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮದಂತೆ ಐದನೆಯ ತರಗತಿವರೆಗಿನ ಶಾಲೆ ಒಂದು ಕಿಲೋಮೀಟರು ನಡಿಗೆಯೊಳಗೆ ಇರಬೇಕು. ಮಾಜಾಳಿಯ ಕಡಲಂಚಿನಲ್ಲಿ ಕೈವಾರ ಊರಿ ವೃತ್ತ ಎಳೆಯಿರಿ. ಅರ್ಧ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ಅಲ್ಲಿ ಬಾಂಗಡೆ ಮರಿಗಳು ಹೇರಳ, ದಾಖಲಾತಿ ಶೂನ್ಯ. ಕೈವಾರವನ್ನು ತುಸು ಉತ್ತರಕ್ಕೆ ಸರಿಸಿದರೆ ಗೋವಾ ಸಿಗುತ್ತದೆ, ಅದು ಪರರಾಜ್ಯ. ಉಳಿದ ತುಣುಕಿನ ಅಳತೆ ಸರಿಯೇ ಎಂದು ಊರಲ್ಲೇ ಇರುವ ಸರಕಾರಿ ಇಂಜಿನಿಯರಿಂಗ್ ಕಾಲೇಜಿನವರನ್ನು ಕೇಳಬಹುದು. ನಕಾಶೆಯ ಮೇಲೆ ಒಂದು ಕಿಲೋಮೀಟರೆಂದರೆ ಹೆಬ್ಬೆರಳಿನ ಉಗುರು. ನೆಲದ ಮೇಲೆ ಅದು ಒಂದು ಹಳ್ಳ, ನಾಯಿ ಕಟ್ಟದ ಎರಡು ಮನೆ, ಗೋವಾ ಲಾರಿಗಳು ಹಾರಿಕೊಂಡು ಬರುವ ಹೆದ್ದಾರಿ 66.

ಕೊನೆಗೆ ಪ್ರಕೃತಿಭಾವ: ಕೆಲವು ಕಡೆ ಪದಗಳು ಅಕ್ಕಪಕ್ಕ ನಿಂತರೂ ಸಂಧಿಯಾಗುವುದಿಲ್ಲ. ದೂರದವರನ್ನು ಕರೆಯುವ ಪ್ಲುತಸ್ವರದ ಮುಂದೆ ಎಂಥ ಸೂತ್ರವೂ ನಡೆಯದು. ಜೂನ್ ತಿಂಗಳ ಬೆಳಿಗ್ಗೆ, ಹೆದ್ದಾರಿಯ ಈಚೆ ದಡದಲ್ಲಿ ಮೀನಿನ ಬುಟ್ಟಿ ಇಳಿಸಿ ಒಬ್ಬ ತಾಯಿ ನಿಂತಿದ್ದಾಳೆ. ಆಚೆ ಕೊಡೆಯೊಂದು ಗಾಳಿಗೆ ಮಗುಚಿದೆ. ಅವಳು ಕೂಗುತ್ತಾಳೆ: "ಪುತಾಽಽ..."