ಭಾವನ ಮುಂಬಯಿ ಪ್ಲ್ಯಾನು

ಬಾಂದ್ರಾದಲ್ಲಿ ಮನೆ ಮಾಡಿದ ಕನ್ನಡಿಗನಿಗೆ ದಸರಾ ರಜೆ, ಬೇಸಿಗೆ ರಜೆ ಅಂತೆಲ್ಲ ಇರುವುದಿಲ್ಲ. ಅವು ಅವನ ನೆಂಟರಿಗೆ ಇರುತ್ತವೆ. ಈ ಸಲ ದಾವಣಗೆರೆ ಭಾವನ ಸರದಿ. ಭಾವ ನಿವೃತ್ತ ಹೈಸ್ಕೂಲು ಮೇಷ್ಟ್ರು. ಶಾಲೆಯ ಟೈಮ್‌ಟೇಬಲ್ ಹಾಕುವ ಕೆಲಸ ಕೊನೆತನಕ ಅವರದೇ ಆಗಿತ್ತಂತೆ. ವಾಟ್ಸಾಪಿನಲ್ಲಿ ಬಂದ ಪ್ಲ್ಯಾನು ನೋಡಿದರೆ ನಂಬಿಕೆ ಬರುತ್ತದೆ. ಸೋಮವಾರ ಬೆಳಗ್ಗೆ 8ಕ್ಕೆ ಗೇಟ್‌ವೇ, 8.40ಕ್ಕೆ ಎಲಿಫೆಂಟಾ, 10ಕ್ಕೆ ಹ್ಯಾಂಗಿಂಗ್ ಗಾರ್ಡನ್, 10.30ಕ್ಕೆ ಮಹಾಲಕ್ಷ್ಮಿ. ನಡುನಡುವೆ ಐದೈದು ನಿಮಿಷದ ಇಂಟರ್‌ವೆಲ್ಲೂ ಇದೆ, ಪುಣ್ಯಾತ್ಮ ಮರೆತಿಲ್ಲ.

"ಭಾವ, ಎಲಿಫೆಂಟಾಕ್ಕೆ ದೋಣಿಯಲ್ಲಿ ಹೋಗೋದಕ್ಕೇ ಒಂದು ಗಂಟೆ ಬೇಕು. ಬರೋದಕ್ಕೆ ಇನ್ನೊಂದು. ಮೇಲೆ ಹತ್ತೋ ಮೆಟ್ಟಿಲು ಬೇರೆ."

"ಮ್ಯಾಪಿನಲ್ಲಿ ಒಂದು ಬೆರಳು ಅಗಲ ಇದೆಯಲ್ಲಯ್ಯ!"

ಸಾವಿರದ ನಾನೂರು ವರ್ಷಕ್ಕೂ ಮಿಕ್ಕಿ ಕಾದು ಕೂತ ಆ ಮೂರು ಮುಖದ ಸದಾಶಿವನಿಗೆ ಭಾವ ಮಂಜೂರು ಮಾಡಿದ್ದು ಹದಿನೈದು ನಿಮಿಷ. ಅದೂ ಸೋಮವಾರ. ಸೋಮವಾರ ಶಿವನ ವಾರ ಅನ್ನೋದು ಭಾವನ ಲೆಕ್ಕ. ಸೋಮವಾರ ಗುಹೆಗಳಿಗೆ ರಜೆ ಅನ್ನೋದು ಪುರಾತತ್ವ ಇಲಾಖೆಯ ಲೆಕ್ಕ. ಬುಧವಾರಕ್ಕೆ ಬೈಕಲಾದ ರಾಣಿಬಾಗಿನಲ್ಲಿ ಪೆಂಗ್ವಿನ್ ನೋಡುವುದು ಅಂತಿತ್ತು. ಅಲ್ಲಿ ಬುಧವಾರವೇ ರಜೆ. ಹುಡುಕಿ ಹುಡುಕಿ ರಜೆಯ ದಿನಕ್ಕೇ ಪೀರಿಯಡ್ ಹಾಕಿಕೊಡುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ.

ಅಕ್ಕನ ಬೇಡಿಕೆ ಚಿಕ್ಕದು. ಮದುವೆಯಾದ ಹೊಸದರಲ್ಲಿ ಬಂದಾಗ ಹತ್ತಿದ್ದ ಡಬಲ್ ಡೆಕ್ಕರ್ ಬಸ್ಸಿನ ಮೇಲಿನ ಮುಂದಿನ ಸೀಟು, ಆಮೇಲೆ ಕರಿ-ಹಳದಿ ಪದ್ಮಿನಿ ಟ್ಯಾಕ್ಸಿ. ಹಳೆಯ ಕೆಂಪು ಡಬಲ್ ಡೆಕ್ಕರುಗಳು 2023ರ ಸೆಪ್ಟೆಂಬರಿನಲ್ಲಿ ನಿಂತವು, ಪದ್ಮಿನಿ ಅದರ ಮುಂದಿನ ತಿಂಗಳು. ಈಗ ಓಡುವ ಡಬಲ್ ಡೆಕ್ಕರಿಗೆ ಕರೆಂಟು, ಏಸಿ, ಮುಚ್ಚಿದ ಗಾಜು. "ಗಾಳಿ ಬರಲ್ವೇನೋ?" ಎಂದಳು ಅಕ್ಕ. ಬರುತ್ತೆ, ತಣ್ಣಗೆ ಬರುತ್ತೆ ಎಂದೆ. "ಅದಕ್ಕೆ ದಾವಣಗೆರೆಯಿಂದ ಬರಬೇಕಾ?" ಎಂದಳು.

ಇನ್ನು ಆಟೋ. ಬಾಂದ್ರಾದಿಂದ ಗೇಟ್‌ವೇಗೆ ಆಟೋ, ಮೀಟರು ಇಷ್ಟಾಗಬಹುದು ಅಂತ ಭಾವ ಮುಂಗಡ ಲೆಕ್ಕವನ್ನೂ ಹಾಕಿದ್ದರು. ಈ ಊರಿನ ಆಟೋಗೆ ಬಾಂದ್ರಾವೇ ಲಕ್ಷ್ಮಣರೇಖೆ. ಉಪನಗರದಲ್ಲಿ ಎಲ್ಲಿ ಬೇಕಾದರೂ ನುಗ್ಗುತ್ತದೆ, ಮಾಹೀಮಿನ ಕಡೆಗೆ ಮಾತ್ರ ಚಕ್ರ ಇಡುವಂತಿಲ್ಲ. ದಾಟಬೇಕೆಂದರೆ ಟ್ಯಾಕ್ಸಿ, ಬಸ್ಸು ಇಲ್ಲವೇ ಲೋಕಲ್ಲು. ಲೋಕಲ್ ಎಂದಕೂಡಲೇ ಭಾವನ ಧೈರ್ಯ ಇಮ್ಮಡಿಯಾಯಿತು. "ಚರ್ಚ್‌ಗೇಟಿನಿಂದ ಸಂಜೆ 6.30ಕ್ಕೆ ವಿರಾರ್ ಫಾಸ್ಟ್, ಬಾಂದ್ರಾದಲ್ಲಿ ಇಳಿಯುವುದು" ಎಂದು ಬರೆದಿದ್ದರು. ವಿರಾರ್ ಗಾಡಿಗೆ ಹತ್ತಿ ಬಾಂದ್ರಾದಲ್ಲಿ ಇಳಿಯುತ್ತೇನೆ ಅನ್ನುವವನನ್ನು ವಿರಾರಿನವರು ನೋಡುವ ನೋಟ ಇದೆಯಲ್ಲ, ಅದು ಯಾವ ಪ್ರವಾಸಿ ಕೈಪಿಡಿಯಲ್ಲೂ ಸಿಗುವುದಿಲ್ಲ. ಇಳಿಯಲು ಬಿಟ್ಟರೆ ಬಾಂದ್ರಾ, ಬಿಡದಿದ್ದರೆ ಅಂಧೇರಿ.

ಭಾವನ ಪ್ಲ್ಯಾನಿನಲ್ಲಿ ನಮ್ಮ ಬಾಂದ್ರಾಕ್ಕೆ ಒಂದಿಡೀ ದಿನ ಕೊಟ್ಟಿದ್ದಾರೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಸಂತೋಷವೇ. ಆದರೆ ಬಾಂದ್ರಾವನ್ನು ತೋರಿಸುವವನ ಕಷ್ಟ ಅದನ್ನು ನೋಡುವವರಿಗೆ ಗೊತ್ತಿಲ್ಲ. ಇದು ಹೊರಗಡೆಯಿಂದಲೇ ನೋಡಿ ಮುಗಿಸಬೇಕಾದ ಊರು. ಅವರ ಜೊತೆ ಬರುವ ಸೊಸೆಗೆ ಬೇಕಾದದ್ದು ಶಾರುಖ್ ಖಾನನ ಮನೆ, ಮನ್ನತ್. ಮನ್ನತ್ ಅಂದರೆ ಒಂದು ಗೇಟು. ಗೇಟಿನ ಮುಂದೆ ನೂರಾರು ಜನ, ನೂರಾರು ಫೋನು, ಫೋನಿನಲ್ಲಿ ಅದೇ ಗೇಟು. ನವೆಂಬರ್ 2ಕ್ಕೆ ಅವನ ಹುಟ್ಟುಹಬ್ಬ, ಅವತ್ತು ಗೇಟೂ ಕಾಣುವುದಿಲ್ಲ. 2025ರಲ್ಲಿ ಮನೆ ರಿಪೇರಿ ಅಂತ ಮಾಲೀಕರು ಪಾಲಿ ಹಿಲ್ಲಿನ ಬೇರೆ ಮನೆಗೆ ಹೋದರು. ಗೇಟಿನ ಮುಂದಿನ ಜನ ಹೋಗಲಿಲ್ಲ. ಗರ್ಭಗುಡಿ ಬೀಗ ಹಾಕಿದ್ದರೂ ಹೊಸ್ತಿಲಿಗೆ ನಮಸ್ಕಾರ ಮಾಡಿ ಬರುವವರು ನಾವು, ಇದೇನು ಹೊಸದೇ? ಅಲ್ಲಿಂದ ಮುಂದಕ್ಕೆ ಸಲ್ಮಾನ್ ಖಾನನ ಗ್ಯಾಲಕ್ಸಿ. ಅದು ಗೇಟೂ ಅಲ್ಲ, ಒಂದು ಬಾಲ್ಕನಿ.

ಭಾವ ಇತಿಹಾಸಪ್ರಿಯರು. ಅವರಿಗೆ ಬಾಂದ್ರಾ ಕೋಟೆ. 1640ರಲ್ಲಿ ಪೋರ್ಚುಗೀಸರು ಮಾಹೀಮ್ ಕೊಲ್ಲಿಯನ್ನು ಕಾಯಲು ಕಟ್ಟಿದ್ದು. ಮುಂದೆ ಮರಾಠರ ಕೈಗೆ ಸಿಕ್ಕೀತೆಂದು ಹೆದರಿ ಅದನ್ನು ಒಡೆಸಿದವರು ಇಂಗ್ಲಿಷರು. ಉಳಿದಿದ್ದೇನು? ಹೆಬ್ಬಾಗಿಲು, ಒಂದಷ್ಟು ಗೋಡೆ. ಇಲ್ಲೂ ಗೇಟೇ. ಚಿತ್ರದುರ್ಗದ ಏಳು ಸುತ್ತು ನೋಡಿ ಬೆಳೆದ ಮನುಷ್ಯನನ್ನು ಅಲ್ಲಿ ನಿಲ್ಲಿಸಿ "ಇದೇ ಕೋಟೆ" ಅನ್ನಲು ನನಗೆ ನಾಚಿಕೆಯಾಗುತ್ತದೆ. ಗೋಡೆಯ ಸಂದುಗೊಂದಿಯಲ್ಲಿ ಕೂತ ಜೋಡಿಗಳನ್ನು ಕಂಡು ಭಾವ "ಸೆರೆಯಾಳುಗಳಾ?" ಎಂದು ಕೇಳದಿದ್ದರೆ ಸಾಕು.

ಕೋಟೆಯಿಂದ ಸೀ ಲಿಂಕ್ ಚೆನ್ನಾಗಿ ಕಾಣುತ್ತದೆ. 2009ರ ಜೂನ್ 30ರಂದು ತೆರೆದ, ಐದೂವರೆ ಕಿಲೋಮೀಟರಿಗೂ ಉದ್ದದ ಸೇತುವೆ. ಭಾವನ ಪ್ಲ್ಯಾನಿನಲ್ಲಿ "ಸೀ ಲಿಂಕ್ ಮೇಲೆ ಸಂಜೆ ವಾಕಿಂಗ್, ಕಡಲೆಕಾಯಿ" ಎಂದಿತ್ತು. ಅಲ್ಲಿ ನಡೆಯುವ ಹಾಗಿಲ್ಲ, ಬೈಕು ಬಿಡುವ ಹಾಗಿಲ್ಲ, ಕಾರು ನಿಲ್ಲಿಸಿ ಫೋಟೊ ತೆಗೆಯುವ ಹಾಗೂ ಇಲ್ಲ. ಟೋಲು ಕೊಟ್ಟು, ಕಿಟಕಿಯಿಂದ ತಂತಿಗಳನ್ನು ಎಣಿಸುವುದರೊಳಗೆ ವರ್ಲಿ ಬಂದಿರುತ್ತದೆ. ಪಕ್ಕದಲ್ಲೇ ಹಳೆಯ ಮಾಹೀಮ್ ಕಾಸ್‌ವೇ ಇದೆ, ಅದನ್ನು ನೋಡಲು ಯಾರೂ ಬರುವುದಿಲ್ಲ. ಕಂಪನಿ ಸರ್ಕಾರ ದುಡ್ಡು ಬಿಚ್ಚದಿದ್ದಾಗ ಜಮ್‌ಶೇಟ್‌ಜಿ ಜೀಜೀಭಾಯ್ ಅವರ ಹೆಂಡತಿ ಆವಾಬಾಯಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಕೈಯಿಂದ ಹಾಕಿ ಕಟ್ಟಿಸಿದ ದಾರಿ ಅದು, 1845ರಲ್ಲಿ ತೆರೆದದ್ದು. ಜನರಿಂದ ಸುಂಕ ವಸೂಲು ಮಾಡಬಾರದು ಅನ್ನುವುದು ಆಯಮ್ಮನ ಷರತ್ತು. ನನ್ನನ್ನು ಕೇಳಿದರೆ ನೆಂಟರನ್ನು ಕರೆದೊಯ್ಯಬೇಕಾದದ್ದು ಆ ರಸ್ತೆಗೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗ ಆವಾಬಾಯಿಯ ಕಥೆಯನ್ನು ಎರಡು ಸಲ ಹೇಳುವಷ್ಟು ಸಮಯವೂ ಇರುತ್ತದೆ.

ಒಳಗೆ ಬಿಟ್ಟುಕೊಳ್ಳುವುದು ಒಬ್ಬಳೇ, ಬೆಟ್ಟದ ಮೇಲಿನ ಮೌಂಟ್ ಮೇರಿ. ಇಲ್ಲಿಯವರ ಬಾಯಲ್ಲಿ ಮೋತ್ ಮಾವ್ಲಿ. ಸೆಪ್ಟೆಂಬರ್ 8 ಕಳೆದ ಭಾನುವಾರದಿಂದ ಒಂದು ವಾರ ಜಾತ್ರೆ, ಜಾತಿಮತ ಕೇಳುವವರಿಲ್ಲ. ಕಾಲು ನೋವಿಗೆ ಮೇಣದ ಕಾಲು, ಮಕ್ಕಳಾಗಲೆಂದು ಮೇಣದ ಮಗು, ಮನೆಯಾಗಲೆಂದು ಮೇಣದ ಮನೆ. ಬಾಂದ್ರಾದಲ್ಲಿ ಕೈಗೆ ಎಟಕುವ ಬೆಲೆಗೆ ಸಿಗುವ ಸ್ವಂತ ಮನೆ ಅದೊಂದೇ. ಅಕ್ಕ ಆಗಲೇ ಮಂಡಿಯ ಅಳತೆ ಕೇಳಿದ್ದಾಳೆ, ಎರಡೂ ಮಂಡಿ ನೋವಿದ್ದರೆ ಜೋಡಿ ಸಿಗುತ್ತದಾ ಅಂತ.

ಎರಡನೆಯ ದಿನವೇ ವಡಾಪಾವ್ ಸಾಕಾಗಿ "ಇಲ್ಲೆಲ್ಲಾದರೂ ನಮ್ಮ ಇಡ್ಲಿ..." ಎಂಬ ಮಾತು ಬಂದೇ ಬರುತ್ತದೆಂದು ನನಗೆ ಗೊತ್ತು. ಹಾಗಾಗಿ ಮಾಟುಂಗಾವನ್ನು ನಾನೇ ಸೇರಿಸಿದೆ. ಅಲ್ಲಿ 1942ರಿಂದ ಬಾಳೆಲೆಯಲ್ಲಿ ಬಡಿಸುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇದೆ. ಗೇಟ್‌ವೇ ಕಟ್ಟಿ ಮುಗಿದದ್ದು 1924ರಲ್ಲಿ. ಕಮಾನಿನ ಸುಣ್ಣ ಆರುವ ಮೊದಲೇ ಇಲ್ಲಿ ಕನ್ನಡಿಗರು ಸಂಘ ಕಟ್ಟಿ, ಬಹುಶಃ ಮೊದಲ ಭಿನ್ನಾಭಿಪ್ರಾಯವನ್ನೂ ಮುಗಿಸಿದ್ದರು.

ಪಟ್ಟಿಯಲ್ಲಿ ಇಲ್ಲದ ಒಂದು ಹೆಸರಿನ ಬಗ್ಗೆ ನನಗೆ ಸ್ವಲ್ಪ ಸಿಟ್ಟಿತ್ತು, ಕೇಳಿಯೇಬಿಟ್ಟೆ. "ಭಾವ, ನೀವು 'ಶಿಕಾರಿ' ಓದಿದ್ದೀರಲ್ಲ?"

"ಓದಿದ್ದೀನಾ! ಮಕ್ಕಳಿಗೆ ಕಥೆ ಹೇಳಿದ್ದೀನಿ."

"ಅದನ್ನು ಬರೆದ ಯಶವಂತ ಚಿತ್ತಾಲರು ಇದ್ದದ್ದು ಇದೇ ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿನಲ್ಲಿ, ಸಮುದ್ರದ ಎದುರಿಗೆ. ಹನೇಹಳ್ಳಿಯಿಂದ ಬಂದವರು ಇಲ್ಲಿ ಕೂತು ಹನೇಹಳ್ಳಿಯನ್ನೂ ಬರೆದರು, ಮುಂಬಯಿಯನ್ನೂ ಬರೆದರು. 2014ರಲ್ಲಿ ತೀರಿಕೊಂಡರು. ಕನ್ನಡಿಗರಾಗಿ ಶಾರುಖ್ ಗೇಟಿಗೆ ಮುಕ್ಕಾಲು ಗಂಟೆ ಇಟ್ಟಿದ್ದೀರಿ."

ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಮೇಷ್ಟ್ರಿಗೆ ಮನಸ್ಸಿಗೆ ತಟ್ಟಿತು ಅಂದುಕೊಂಡೆ.

"ಅಲ್ಲೂ ಗೇಟಿನ ಹತ್ತಿರ ಫೋಟೊ ತೆಗೆಯೋಕೆ ಬಿಡ್ತಾರಾ?"

ರಾತ್ರಿ ತಿದ್ದಿದ ಪ್ಲ್ಯಾನು ಬಂತು. ಎಲಿಫೆಂಟಾ ಮಂಗಳವಾರಕ್ಕೆ, ಪೆಂಗ್ವಿನ್ ಗುರುವಾರಕ್ಕೆ. ಬಾಂದ್ರಾದ ದಿನದ ಮೇಲ್ಗಡೆ ಹೊಸ ಸಾಲು: "ಬೆ. 6.00ರಿಂದ 6.15: ಚಿತ್ತಾಲರು ನೋಡುತ್ತಿದ್ದ ಸಮುದ್ರ." ಅದರ ಕೆಳಗೆ: "6.15ರಿಂದ 7.30: ಶಾರುಖ್ ಮನೆ. ಆ ಹೊತ್ತಿಗೆ ರಶ್ ಇರಲ್ಲ, ಬೆಳಕೂ ಚೆನ್ನಾಗಿರುತ್ತೆ. ತಿಂಡಿ ಕಟ್ಟಿಸಿರು."