ಉಣುಗಿನ ಉದ್ದವೂ ದಶಾಂಶದ ಜಂಬವೂ

ಮಾಸ್ತಿಕಟ್ಟೆಯಲ್ಲಿ ಅಳತೆ ಎಂದರೆ ಮಳೆಯ ಅಳತೆ. ಜೂನ್ ಹಿಡಿಯಿತೆಂದರೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ, ಚಕ್ರಾ, ಸಾವೇಹಕ್ಲು ಎಂಬ ಸಾಲು ಬರಲೇಬೇಕು. ವರ್ಷದ ಮೊತ್ತ ಐದು ಸಾವಿರ ಮಿಲಿಮೀಟರ್ ದಾಟಿದರೂ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಇಂಥ ಊರಿನ ಹೆಸರು ಹಿಡಿದುಕೊಂಡು ಉಣುಗಿನ ಒಂದೇ ಒಂದು ಮಿಲಿಮೀಟರಿನ ಬಗ್ಗೆ ವಾದಕ್ಕಿಳಿಯುವುದು ಹುಚ್ಚು ಎಂದು ಯಾರಾದರೂ ಅಂದರೆ ಅದನ್ನು ಬಿರುದೆಂದೇ ಸ್ವೀಕರಿಸುತ್ತೇನೆ, ಶಾಲು ಹೊದಿಸಿದರೂ ಬೇಡವೆನ್ನುವುದಿಲ್ಲ. ಕಂಪ್ಯೂಟರಿಗೆ ಸಿಕ್ಕಿಸುವ ಸೂಕ್ಷ್ಮದರ್ಶಕ ಕ್ಯಾಮೆರಾ ಈಗ ಸಾಧಾರಣ ಮೊಬೈಲಿಗಿಂತ ಅಗ್ಗ, ಆಸೆಪಟ್ಟವರೆಲ್ಲ ಕೊಳ್ಳಬಹುದು. ನನ್ನ ವಾದ ಇಷ್ಟೆ: ಈ ಸಾಧನ ತೋರಿಸುತ್ತದೆ, ಅಷ್ಟೇ ಅದರ ಕೆಲಸ. ಅಳೆಯುವುದಕ್ಕೆ ಉದ್ದ ಮೊದಲೇ ಗೊತ್ತಿರುವ ಇನ್ನೊಂದು ವಸ್ತು ಬೇಕು. ಅದಿಲ್ಲದೆ ಪರದೆಯ ಮೇಲೆ ಮೂಡುವ ಅಂಕಿ ಪಂಚಾಂಗದ ಮಳೆ ಇದ್ದ ಹಾಗೆ, ಬಂದರೂ ಬಂತು.

ಪೆಟ್ಟಿಗೆಯ ಮೇಲೆ ‘1000 ಪಟ್ಟು’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಯಾವ ಪರದೆಯಲ್ಲಿ ಸಾವಿರ ಪಟ್ಟು? ಅದೇ ಚಿತ್ರ ಮೊಬೈಲಿನಲ್ಲಿ ಒಂದು ಗಾತ್ರ, ಟಿ.ವಿ.ಯಲ್ಲಿ ಇನ್ನೊಂದು. ಮದುವೆ ಛತ್ರದ ಎಲ್‌ಇಡಿ ಪರದೆಗೆ ಬಿಟ್ಟರಂತೂ ನೆಂಟರು ಪಾಯಸ ಬಿಟ್ಟು ಏಳುತ್ತಾರೆ, ಉಣುಗು ಮಾತ್ರ ಕೂದಲೆಳೆಯಷ್ಟೂ ಬೆಳೆದಿರುವುದಿಲ್ಲ. ಕ್ಯಾಮೆರಾಕ್ಕೆ ಗೊತ್ತಿರುವುದು ಪಿಕ್ಸೆಲ್ ಒಂದೇ. ಈ ತುದಿಯಿಂದ ಆ ತುದಿಗೆ 640 ಪಿಕ್ಸೆಲ್ ಎಂದು ಲೆಕ್ಕ ಒಪ್ಪಿಸುತ್ತದೆ. ಹಾಗೆಂದರೆ ಎಷ್ಟಪ್ಪಾ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ. ಅದರ ಬಾಯಿ ಬಿಡಿಸಲಿಕ್ಕೆ ಸ್ಟೇಜ್ ಮೈಕ್ರೋಮೀಟರ್ ಎಂಬ ಗಾಜಿನ ಪಟ್ಟಿಯಿದೆ: ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿ ಗೆರೆ ಎಳೆದಿರುತ್ತಾರೆ, ಒಂದೊಂದು ಪಾಲೂ 10 ಮೈಕ್ರಾನ್. ಮೊದಲು ಅದರ ಚಿತ್ರ ತೆಗೆದು, ಅಮೆರಿಕದ ಎನ್‌ಐಎಚ್ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬಂಡ್ ರೂಪಿಸಿದ, ಪುಕ್ಕಟೆ ಸಿಗುವ ಇಮೇಜ್‌ಜೆ ತಂತ್ರಾಂಶದಲ್ಲಿ ಗೆರೆ ಎಳೆದು, ‘ಸೆಟ್ ಸ್ಕೇಲ್’ಗೆ ಹೋಗಿ, ಈ 800 ಪಿಕ್ಸೆಲ್ ಎಂದರೆ ಒಂದು ಮಿಲಿಮೀಟರ್ ಎಂದು ಹೇಳಿಕೊಡಬೇಕು. ಆಗ 640 ಪಿಕ್ಸೆಲ್ ಎಂದರೆ 0.8 ಮಿಲಿಮೀಟರ್. ಅಗ್ಗದ ಸಾಧನಗಳಲ್ಲಿ ಫೋಕಸಿನ ತಿರುಪು ಮುಟ್ಟಿದರೆ ಹಿಗ್ಗಿಸುವ ಪ್ರಮಾಣವೂ ಬದಲಾಗುತ್ತದೆ. ಮತ್ತೆ ಪಟ್ಟಿ ಇಡು, ಮತ್ತೆ ಹೇಳಿಕೊಡು. ಹಳಬರು ಇದಕ್ಕಿಂತ ಚೆನ್ನಾಗಿ ಕಷ್ಟಪಟ್ಟಿದ್ದಾರೆ. 1665ರಲ್ಲಿ ‘ಮೈಕ್ರೋಗ್ರಾಫಿಯಾ’ ಪ್ರಕಟಿಸಿದ ರಾಬರ್ಟ್ ಹುಕ್ ಒಂದು ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಕೊಟ್ಟು ಇನ್ನೊಂದನ್ನು ಹೊರಗಿನ ಅಳತೆಪಟ್ಟಿಯ ಮೇಲಿಟ್ಟು ಎರಡನ್ನೂ ತಾಳೆ ನೋಡುತ್ತಿದ್ದ. ಸೂಕ್ಷ್ಮದರ್ಶಕದ ಇನ್ನೊಬ್ಬ ಹಳಬ ಲೇವನ್‌ಹುಕ್‌ನ ಮಾನದಂಡಗಳೋ ಮರಳಿನ ಕಣ, ತನ್ನ ತಲೆಗೂದಲು, ಹೇನಿನ ಕಣ್ಣು. ಹೇನಿನ ಕಣ್ಣನ್ನು ಅಳತೆಗೋಲು ಮಾಡಿದ ಮನುಷ್ಯನ ಮುಂದೆ ನಮ್ಮ ಹುಚ್ಚು ಏನೇನೂ ಸಾಲದು.

ಈಗ ಉಣುಗಿಗೆ ಬರೋಣ. ಜೀವಂತ ಉಣುಗು ಅಳತೆಗೆ ನಿಲ್ಲುವುದಿಲ್ಲ, ಹಾಗಾಗಿ ಆಲ್ಕೋಹಾಲಿನಲ್ಲಿ ಸತ್ತದ್ದೇ ಆಗಬೇಕು. ಸತ್ತಿತು ಎಂದಮಾತ್ರಕ್ಕೆ ಸಹಕರಿಸುತ್ತದೆ ಎಂದು ತಿಳಿಯಬಾರದು. ಮೊದಲ ಪ್ರಶ್ನೆ, ಉಣುಗು ಎಲ್ಲಿಂದ ಶುರುವಾಗುತ್ತದೆ? ಮುಂದಕ್ಕೆ ಚಾಚಿದ, ಚರ್ಮಕ್ಕೆ ಚುಚ್ಚುವ ಬಾಯಿಯ ಭಾಗ ದೇಹದ ಲೆಕ್ಕಕ್ಕೋ ಹೊರಗೋ? ಬೆಳ್ಳುಳ್ಳಿ ತೂಗುವಾಗ ದಂಟು ಸೇರಿಸಬೇಕೇ ಎಂದು ಸಂತೆಯಲ್ಲಿ ನಡೆಯುವ ಜಗಳವೇ ಇಲ್ಲಿಯೂ ನಡೆಯಬಹುದು, ಮತ್ತು ಎರಡೂ ಪಕ್ಷಕ್ಕೆ ನ್ಯಾಯವಿದೆ. ಎರಡನೆಯದು, ಅದು ಒಂಚೂರು ವಾರೆಯಾಗಿ ಮಲಗಿದ್ದರೆ ಚಿತ್ರದಲ್ಲಿ ಗಿಡ್ಡವಾಗುತ್ತದೆ. ಗುಂಡುಸೂಜಿಯಿಂದ ನೆಟ್ಟಗೆ ಮಾಡಹೋದರೆ ಮಗುಚಿ ಹೊಟ್ಟೆ ತೋರಿಸುತ್ತದೆ. ಬೆನ್ನಿಗೆ ಫೋಕಸ್ ಮಾಡಿದರೆ ಕಾಲು ಮಸುಕು, ಕಾಲು ಸ್ಪಷ್ಟವಾದರೆ ಬೆನ್ನು ಮಂಜು. ಅಂಚು ಅನ್ನುವುದು ದೂರಕ್ಕೆ ಗೆರೆ, ಹತ್ತಿರ ಹೋದರೆ ಕಪ್ಪಿನಿಂದ ಬಿಳಿಗೆ ಮೆಲ್ಲಗೆ ಜಾರುವ ಎಂಟು ಪಿಕ್ಸೆಲ್‌ಗಳ ಇಳಿಜಾರು. ಅದರಲ್ಲಿ ಎಲ್ಲಿ ಕ್ಲಿಕ್ ಮಾಡಬೇಕೆಂಬುದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ಇಷ್ಟೆಲ್ಲ ಆದ ಮೇಲೆ ತಂತ್ರಾಂಶ ಒಂದಿಷ್ಟೂ ಅಂಜದೆ ‘1.237 ಮಿಲಿಮೀಟರ್’ ಎನ್ನುತ್ತದೆ! ಎಂಟು ಪಿಕ್ಸೆಲ್ ಎಂದರೇ 0.01 ಮಿಲಿಮೀಟರ್. ಎರಡನೆಯ ದಶಾಂಶವೇ ಅಲುಗಾಡುತ್ತಿರುವಾಗ ಮೂರನೆಯದು ಶುದ್ಧ ಜಂಬ. ಆದರೂ ವರದಿಗಳಲ್ಲಿ ಆ ಏಳನ್ನು ಹಾಗೇ ಉಳಿಸಿಕೊಳ್ಳುವವರಿದ್ದಾರೆ, ಅಳಿಸಿದರೆ ಸಂಬಳ ಕಡಿತವಾಗುತ್ತದೇನೋ ಎಂಬಂತೆ. ಸಾಲದ್ದಕ್ಕೆ ರಕ್ತ ಕುಡಿದ ಉಣುಗು ಹಲವು ಪಟ್ಟು ಊದುತ್ತದೆ. ನಿನ್ನೆಯ ಅಳತೆ ಇಂದಿಗಿಲ್ಲ. ಬೆನ್ನ ಮುಂಭಾಗದ ಗಟ್ಟಿ ಗುರಾಣಿ ಮಾತ್ರ ಹಿಗ್ಗುವುದಿಲ್ಲ; ಬಲ್ಲವರು ಅದನ್ನೇ ಪ್ರತ್ಯೇಕವಾಗಿ ಅಳೆಯುತ್ತಾರೆ. ಇಡೀ ಪ್ರಾಣಿಯಲ್ಲಿ ನಂಬಬಹುದಾದ ಜಾಗ ಅಷ್ಟೆ.

ಕಚ್ಚಿದ ಉಣುಗನ್ನು ಕಿತ್ತು ಎಸೆಯುವುದು ಬಿಟ್ಟು ಅಳೆಯುವುದೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಳತೆಯಿಂದ ರೋಗ ತಿಳಿಯುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಎಷ್ಟೇ ಒಳ್ಳೆಯ ಬೆಳಕಿನ ಸೂಕ್ಷ್ಮದರ್ಶಕಕ್ಕೂ 0.2 ಮೈಕ್ರಾನಿನ ಹತ್ತಿರ ಗಡಿಯಿದೆ. ಉಣುಗು ಹರಡುವ ಮಂಗನ ಕಾಯಿಲೆಯ ವೈರಸ್ಸು ಅದರ ನಾಲ್ಕರಲ್ಲೊಂದು ಪಾಲಿನ ಆಸುಪಾಸು. ಆದರೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಿನಿಂದ ಈ ಸೀಮೆಗೆ ಗಾತ್ರದ ಪ್ರಶ್ನೆ ತಮಾಷೆಯಾಗಿ ಉಳಿದಿಲ್ಲ. ರೋಗ ದಾಟಿಸುವುದರಲ್ಲಿ ಹೀಮಫೈಸಾಲಿಸ್ ಸ್ಪಿನಿಜೆರಾ ಜಾತಿಯ ಉಣುಗು ಮುಖ್ಯವಾದದ್ದು, ಅದರಲ್ಲೂ ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಇನ್ನೂ ಪ್ರಾಯಕ್ಕೆ ಬಾರದ ಎಂಟು ಕಾಲಿನ ಮರಿ. ಅದರ ಉದ್ದ ಒಂದು ಮಿಲಿಮೀಟರಿನ ಆಸುಪಾಸು. ದರಗು ಗುಡಿಸಲು ಹೋದವರ ಕಾಲಿಗೆ ಹತ್ತಿದರೆ ಕಾಣುವುದಿಲ್ಲ, ತುರಿಸುವವರೆಗೆ ತಿಳಿಯುವುದಿಲ್ಲ. 2018-19ರ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆಯಿಂದ ಸಾವಿನ ಮೇಲೆ ಸಾವು ಆದವು. ಉಣುಗನ್ನು ನೋಡಿದ್ದರೆ ಕೊಡವಿಕೊಳ್ಳುತ್ತಿದ್ದರು. ಕಣ್ಣಿಗೆ ಹೇಗೆ ಕಾಣುತ್ತದೆ, ಎಷ್ಟಿರುತ್ತದೆ ಎಂದು ಅಳತೆಪಟ್ಟಿ ಸಹಿತ ಒಂದು ಚಿತ್ರ ಶಾಲೆಯ ಗೋಡೆಯ ಮೇಲಿದ್ದರೆ, ಅಳತೆಪಟ್ಟಿ ಇಲ್ಲದೆ ಅಂಗೈಯಗಲ ಹಿಗ್ಗಿಸಿದ ಭಯಂಕರ ಚಿತ್ರಕ್ಕಿಂತ ಅದರಿಂದ ಹೆಚ್ಚು ಉಪಕಾರ. ಆ ಭಯಂಕರ ಚಿತ್ರ ನೋಡಿದವರು ಕಾಡಿನಲ್ಲಿ ಅಷ್ಟು ದೊಡ್ಡದನ್ನೇ ಹುಡುಕುತ್ತಾರೆ.

ತೋಟಕ್ಕೂ ಇದೇ ಮಾತು. ಅಡಿಕೆಯ ಕೊಳೆರೋಗದ ಮೇಲೆ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ 1910ರಷ್ಟು ಹಿಂದೆಯೇ ಬರೆದಾಗ ಸೂಕ್ಷ್ಮದರ್ಶಕಕ್ಕೆ ಕಂಪ್ಯೂಟರ್ ಅಂಟಿರಲಿಲ್ಲ. ಇಂದು ಹೊಸನಗರ, ತೀರ್ಥಹಳ್ಳಿ ಕಡೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಕೊಳೆಯ ಫೈಟಾಫ್ತೊರದ ಬೀಜಕೋಶ ನಿಂಬೆಯಾಕಾರದ್ದು, ಮೂವತ್ತು ನಲವತ್ತು ಮೈಕ್ರಾನಿನದು. ಎಲೆಚುಕ್ಕಿಯ ಕೊಲೆಟೋಟ್ರೈಕಮ್ ಬೀಜಕಣ ನೀಳ, ಹೆಚ್ಚಾಗಿ ಇಪ್ಪತ್ತರ ಒಳಗೆ. ಪಟ್ಟಿ ಇಟ್ಟು ನೋಡಿದವನಿಗೆ ವ್ಯತ್ಯಾಸ ಕಾಣುತ್ತದೆ. ಹಿಗ್ಗಿಸಿ ಬೆರಗಾದವನಿಗೆ ಎರಡೂ ಉಂಡೆಗಳೇ. ಇದನ್ನೆಲ್ಲ ಮುಂದೆ ಕೃತಕ ಬುದ್ಧಿಮತ್ತೆಯೇ ಮಾಡುತ್ತದಲ್ಲ ಎನ್ನುವವರಿಗೂ ಉತ್ತರ ಅದೇ: ಅದು ಅಂಚನ್ನು ನಮಗಿಂತ ಚುರುಕಾಗಿ ಹುಡುಕಬಹುದು, ಪಿಕ್ಸೆಲ್ಲಿಗೆ ಎಷ್ಟು ಮೈಕ್ರಾನ್ ಎಂಬುದನ್ನು ಅದಕ್ಕೂ ಯಾರಾದರೂ ಹೇಳಿಕೊಡಲೇಬೇಕು.

ಕ್ಯಾಮೆರಾ ಕೊಳ್ಳುವವರು ಗಾಜಿನ ಪಟ್ಟಿಯನ್ನೂ ಕೊಳ್ಳಿ, ಮೂರನೆಯ ದಶಾಂಶವನ್ನು ಧಾರಾಳವಾಗಿ ಅಳಿಸಿ. ಕಾಡಂಚಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಮಾತ್ರ ಉಣುಗು ಅಳೆಯುವ ಉಮೇದಿನಲ್ಲಿ ಹತ್ತಿರ ಹೋಗಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿ.